ಎಲೆಅಡಿಕೆಯನ್ನು ಹಿಂದಕ್ಕೆ ಕೇಳಿದ ಅಕ್ಕಾರು

೧೯೭೯ನೆಯ ಇಸವಿ ಏಪ್ರಿಲ್ ೧೬, ಸೋಮವಾರ. ದಿನಾಂಕವನ್ನು ನಮ್ಮ ಕಾಲೇಜಿನ ಆ ವರ್ಷದ ವಾರ್ಷಿಕ ಸಂಚಿಕೆಯಿಂದ ತೆಗೆದುಕೊಂಡಿದ್ದೇನೆ; ವಾರ ಸರಿಯಿದೆಯೇ ಎಂದು ಸಿದ್ಧಾರ್ಥಿ ಸಂವತ್ಸರದ ಪಂಚಾಂಗವನ್ನು ಹುಡುಕಿಸಿ ತಾಳೆ ನೋಡಿದ್ದೇನೆ. ಅಂದು ಬೆಳಿಗ್ಗೆ ಚನ್ನಗಿರಿಯ ಕೋಟೆಯ ಕೆಳಗಿನ ಓಣಿಯಲ್ಲಿ, ಒಂದು ಮನೆಯ ಜಗುಲಿಯ ಮೇಲೆ ನಾನು ಮೊದಲು ಕಂಡದ್ದು ಒಂದು ಹೆಬ್ಬೆರಳನ್ನು. ಬಲಗೈಯ ಹೆಬ್ಬೆರಳು. ತುದಿಯಿಂದ ಮೊದಲ ಗೆಣ್ಣಿನವರೆಗೆ ನೇರಳೆ ಹಣ್ಣು ತಿಂದ ನಾಲಿಗೆಯ ಬಣ್ಣ. ಸೋಪು, ಸೀಗೆಪುಡಿ, ನಿಂಬೆಹಣ್ಣಿನ ಸಿಪ್ಪೆ ಯಾವುದಕ್ಕೂ ಹೋಗದಷ್ಟು ಆಳಕ್ಕೆ ಇಳಿದಿದ್ದ ಶಾಯಿ ಅದು.

ಆ ಬೆರಳಿನ ಒಡತಿ ಐವತ್ತು ದಾಟಿದ, ಎತ್ತರದ, ಬಿಳಿಗೂದಲನ್ನು ಬಿಗಿಯಾಗಿ ಗಂಟು ಹಾಕಿದ್ದ ಹೆಂಗಸು. ಪದವೀಧರೆ. ಇಂಗ್ಲಿಷಿನಲ್ಲಿ ಅವರು ಹಾಕುತ್ತಿದ್ದ ರುಜುವನ್ನು ಚೌಕಟ್ಟು ಕಟ್ಟಿಸಿ ಗೋಡೆಗೆ ತೂಗುಹಾಕಬಹುದಿತ್ತು. ಆದರೆ ಕೋರ್ಟಿನ ಕಾಗದಕ್ಕೆ ಹೆಬ್ಬೆಟ್ಟು ಒತ್ತಲು ಹೆದರುವ ಹಳ್ಳಿಯವರ ಎದುರಿಗೆ ಕುಳಿತಾಗಲೆಲ್ಲ ಅವರು ಚೀಲದಿಂದ ಸ್ಟ್ಯಾಂಪ್ ಪ್ಯಾಡ್ ತೆಗೆದು, ಮೊದಲು ತಮ್ಮ ಹೆಬ್ಬೆರಳನ್ನೇ ಅದಕ್ಕೆ ಅದ್ದಿ, ಖಾಲಿ ಹಾಳೆಯೊಂದರ ಮೇಲೆ ಒತ್ತಿ ತೋರಿಸುತ್ತಿದ್ದರು. "ನೋಡ್ರಿ, ಬೆರಳು ಅಲ್ಲೇ ಐತೆ" ಎನ್ನುತ್ತಿದ್ದರು. ಹತ್ತಾರು ವರ್ಷಗಳ ಈ ಅಭ್ಯಾಸ ಬೆರಳಿಗೆ ಬಣ್ಣವಾಗಿ ಉಳಿದಿತ್ತು.

ಊರೆಲ್ಲ ಅವರನ್ನು 'ಅಕ್ಕಾರು' ಎನ್ನುತ್ತಿತ್ತು. ನಾವೂ ಹಾಗೆಯೇ ಕರೆದೆವು. ಅವರು ಹಿಂದೆ ಪ್ರೊಬೇಷನ್ ಅಧಿಕಾರಿಯಾಗಿದ್ದವರು. ಮೊದಲ ಸಲ ತಪ್ಪು ಮಾಡಿದವರನ್ನು ಜೈಲಿಗೆ ಕಳಿಸದೆ, ಒಬ್ಬ ಅಧಿಕಾರಿಯ ನಿಗಾದಲ್ಲಿ ಮನೆಗೇ ಬಿಡಬಹುದೆಂದು ಕಾನೂನಿದೆ. ಅಂಥವರ ಊರಿಗೆ ಹೋಗಿ, ಮನೆ ನೋಡಿ, ನೆರೆಹೊರೆ ವಿಚಾರಿಸಿ ಕೋರ್ಟಿಗೆ ವರದಿ ಕೊಡುವುದು ಅವರ ಕೆಲಸವಾಗಿತ್ತು. ಚಿತ್ರದುರ್ಗ, ಶಿವಮೊಗ್ಗ ಎರಡೂ ಜಿಲ್ಲೆಗಳಲ್ಲಿ ಕೆಲಸ ಮಾಡಿ, ಅವಧಿಗೆ ಮೊದಲೇ ನೌಕರಿ ಬಿಟ್ಟು ಚನ್ನಗಿರಿಯಲ್ಲಿ ನೆಲೆಸಿದ್ದರು. (ಓದುಗರ ಗಮನಕ್ಕೆ: ಇಂದು ದಾವಣಗೆರೆ ಜಿಲ್ಲೆಯಲ್ಲಿರುವ ಚನ್ನಗಿರಿ, ಹೊನ್ನಾಳಿಗಳು ಆಗ ಶಿವಮೊಗ್ಗಕ್ಕೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದವು. ನ್ಯಾಮತಿ ಆಗಿನ್ನೂ ತಾಲ್ಲೂಕಾಗಿರಲಿಲ್ಲ, ಹೊನ್ನಾಳಿಯ ಒಂದು ಹೋಬಳಿ.) ಮದುವೆಯಾಗಿರಲಿಲ್ಲ. ಏಕೆಂದು ಕೇಳುವ ಧೈರ್ಯ ಮಾಡಿದವರಿಗೆ, "ಜಾಮೀನು ಯಾರೂ ಸಿಗಲಿಲ್ಲ" ಎಂದು ಉತ್ತರಿಸುತ್ತಿದ್ದರು.

ನಾವೆಂದರೆ ಇಬ್ಬರು: ಬಿ.ಎ. ಎರಡನೆಯ ವರ್ಷದ ಸಮಾಜಶಾಸ್ತ್ರದ ವಿದ್ಯಾರ್ಥಿನಿ ನಾನು, ನನ್ನ ಸಹಪಾಠಿ ಶಿವಮೂರ್ತಿ. ವಿಚಾರಣೆಯೇ ನಡೆಯದೆ ಜೈಲಿನಲ್ಲಿ ಕೊಳೆಯುವವರ ಬಗ್ಗೆ ಆ ವರ್ಷ ಪತ್ರಿಕೆಗಳಲ್ಲಿ ಬಹಳ ಚರ್ಚೆ ನಡೆದಿತ್ತು. ನಮ್ಮ ತಾಲ್ಲೂಕುಗಳ ಸಬ್‌ಜೈಲುಗಳಲ್ಲಿ ಅಂಥವರು ಯಾರಿದ್ದಾರೆ, ಏಕಿದ್ದಾರೆ ಎಂಬುದನ್ನು ಬೇಸಿಗೆ ರಜೆಯಲ್ಲಿ ವಿಚಾರಿಸಿ, ಬೆಂಗಳೂರಿನ ಒಂದು ಕಾನೂನು ನೆರವು ಸಮಿತಿಗೆ ವರದಿ ಕಳಿಸಬೇಕೆಂದು ಅಕ್ಕಾರು ನಿಶ್ಚಯಿಸಿ, ಕಾಲೇಜಿನಿಂದ ಇಬ್ಬರನ್ನು ಕೇಳಿ ಪಡೆದಿದ್ದರು. ಇಂದು ಇಂಥದ್ದನ್ನು ಇಂಟರ್ನ್‌ಶಿಪ್ ಎನ್ನುತ್ತಾರೆ, ಪ್ರಮಾಣಪತ್ರವನ್ನೂ ಕೊಡುತ್ತಾರೆ. ಅಂದು ಅದಕ್ಕೆ ಹೆಸರೇ ಇರಲಿಲ್ಲ. ನಮ್ಮ ತಾಯಿ ಅದನ್ನು 'ಜೈಲಿಗೆ ಹೋಗೋ ಕೆಲಸ' ಎಂದು ಕರೆದು, ನೆಂಟರೆದುರು ಆ ಮಾತೇ ಬಾರದಂತೆ ನೋಡಿಕೊಂಡರು. ಆ ಸೋಮವಾರ ಸಂಜೆಯೇ ಅನುಮತಿ ಕೇಳಲು ಅಕ್ಕಾರು ಖುದ್ದಾಗಿ ನಮ್ಮ ಮನೆಗೆ ಬಂದರು. ಹೆಣ್ಣುಮಗಳು ಜೈಲಿನ ಬಾಗಿಲಿಗೆ ಹೋದಳೆಂದರೆ ಜನ ಏನನ್ನುತ್ತಾರೆ ಎಂದು ಅಪ್ಪ ಹಿಂಜರಿದಾಗ, "ಸಂಜೆ ಬಸ್ಸಿಗೆ ವಾಪಸ್ ಬರ್ತಾಳಲ್ಲ, ಅದನ್ನೂ ಜನ ನೋಡ್ತಾರೆ ತಗಳ್ರಿ" ಎಂದರು. ಅಪ್ಪ ನಕ್ಕುಬಿಟ್ಟರು, ಒಪ್ಪಿಗೆಯಾಯಿತು.

ಅವರ ಕೆಲಸದ ರೀತಿ ನಮಗೆ ಮೊದಲು ವಿಚಿತ್ರವಾಗಿ ಕಂಡಿತು. ನಾವು ತಯಾರಿಸಿಕೊಂಡು ಹೋಗಿದ್ದ ಪ್ರಶ್ನಾವಳಿಯ ಮೊದಲ ಪ್ರಶ್ನೆ 'ನಿಮ್ಮ ಮೇಲಿನ ಆರೋಪವೇನು?' ಎಂದಿತ್ತು. ಅದನ್ನು ಅವರು ಪೆನ್ಸಿಲಿನಿಂದ ಅಡ್ಡ ಹೊಡೆದರು. ಕೈದಿಯನ್ನು ಮೊದಲು ಕೇಳಬೇಕಾದದ್ದು ಊಟವಾಯಿತೇ ಎಂದು. ಎರಡನೆಯದು, ನಿನ್ನನ್ನು ನೋಡಲು ಯಾರು ಬರುತ್ತಾರೆ ಎಂದು. ಈ ಎರಡನೆಯ ಪ್ರಶ್ನೆಯ ಉತ್ತರದಲ್ಲಿ ಅವನ ಕೇಸಿನ ಮುಕ್ಕಾಲು ಭಾಗ ಇರುತ್ತದೆ ಎಂಬುದು ಅವರ ಅನುಭವ. ಯಾರೂ ಬರುವುದಿಲ್ಲವೆಂದರೆ ಜಾಮೀನು ಕೊಡುವವರೂ ಇಲ್ಲವೆಂದೇ ಅರ್ಥ. ಜಾಮೀನಿಲ್ಲವೆಂದರೆ, ಜಾಮೀನಿನ ಆದೇಶ ಆಗಿದ್ದರೂ ಅವನು ಒಳಗೇ.

ಬರವಣಿಗೆಯ ವಿಷಯದಲ್ಲಿ ಇನ್ನೂ ಕಟ್ಟುನಿಟ್ಟು. "ಹೆಂಗೈತೆ ಅಂತ ಮೊದ್ಲು ಬರೀರಿ. ಹೆಂಗಿರಬೇಕು ಅನ್ನೋದು ಆಮೇಲೆ. 'ಆದ್ದರಿಂದ' ಅಂತ ಬರಿಯಾಕೆ ಮುಂಚೆ ಎದ್ದು ಹೋಗಿ ಒಂದು ಲೋಟ ನೀರು ಕುಡೀರಿ." ಇದನ್ನು ಅವರು ತಮಾಷೆಗೆ ಹೇಳುತ್ತಿರಲಿಲ್ಲ. ಶಿವಮೂರ್ತಿ ಒಂದೇ ಮಧ್ಯಾಹ್ನ ಮೂರು ಸಲ ಎದ್ದು ಹೋಗಬೇಕಾಯಿತು. ಮುಂದಿನ ನಾಲ್ಕು ದಶಕಗಳ ನನ್ನ ಸಂಶೋಧನೆಯಲ್ಲಿ ಏನಾದರೂ ಒಪ್ಪವಾದದ್ದಿದ್ದರೆ ಅದು ಆ ಲೋಟದ ನೀರಿನ ಗುಣ.

ಜಗಳೂರಿನಲ್ಲಿ ಅದರ ಅರ್ಥ ತಿಳಿಯಿತು. ಏಪ್ರಿಲ್ ಕೊನೆಯ ಬಿಸಿಲು. ಅಲ್ಲಿ ಕೈದಿಗಳು ದಿನವೂ ಕೊಡ ಹಿಡಿದು, ಒಬ್ಬ ಪೇದೆಯ ಕಾವಲಿನಲ್ಲಿ ದೂರದ ಬಾವಿಯಿಂದ ನೀರು ಹೊತ್ತು ತರುತ್ತಿದ್ದರು. ಕಂಡ ಕೂಡಲೇ ಶಿವಮೂರ್ತಿಯ ರಕ್ತ ಕುದಿಯಿತು. ತೀರ್ಪೇ ಆಗದವರಿಂದ ದುಡಿಸಿಕೊಳ್ಳುವುದು ಕಾನೂನಿಗೆ ವಿರುದ್ಧ, ಆದ್ದರಿಂದ ಇದನ್ನು ತಕ್ಷಣ ನಿಲ್ಲಿಸಬೇಕು ಎಂದು ಅಲ್ಲೇ ಕಟ್ಟೆಯ ಮೇಲೆ ಕುಳಿತು ಅರ್ಧ ಪುಟ ಬರೆದ. ಅಕ್ಕಾರು ಅದನ್ನು ಓದಿ, ಹೋಗಿ ಅವರನ್ನೇ ಕೇಳಿ ಬಾ ಎಂದು ಕಳಿಸಿದರು. ಹೋದವನು ಸಪ್ಪೆ ಮುಖ ಮಾಡಿಕೊಂಡು ಮರಳಿದ. ನೀರಿಗೆ ಹೋಗುವ ಸರದಿಗಾಗಿ ಒಳಗೆ ಜಗಳವೇ ಆಗುತ್ತಿತ್ತಂತೆ. ಬಾವಿಯ ಬಳಿಗೆ ಹೆಂಡತಿ ಮಕ್ಕಳು ಬಂದು ಕಾಯುತ್ತಿರುತ್ತಾರೆ. ಕೊಡ ತುಂಬುವಷ್ಟು ಹೊತ್ತು ಮಾತಾಡಬಹುದು. ಪೇದೆ ಆ ಹೊತ್ತಿಗೆ ಬೀಡಿ ಹಚ್ಚಿಕೊಂಡು ಆ ಕಡೆ ತಿರುಗಿ ನಿಲ್ಲುತ್ತಾನೆ. ನಮ್ಮ ವರದಿಯಿಂದ ನೀರು ಹೊರುವುದು ನಿಂತರೆ ಅದೂ ನಿಲ್ಲುತ್ತಿತ್ತು. ಅಕ್ಕಾರು ಶಿವಮೂರ್ತಿಯನ್ನು ಬೈಯಲಿಲ್ಲ. ಪುಟಾಣಿ ಬೆಲ್ಲದ ಪೊಟ್ಟಣವನ್ನು ಅವನ ಮುಂದೆ ಹಿಡಿದು, "ಈಗ ಬರಿ. ಮಾತಾಡಾಕೆ ಬೇರೆ ಜಾಗ ಕೊಟ್ಟು ಆಮೇಲೆ ಕೊಡ ಇಳಿಸ್ರಿ ಅಂತ ಬರಿ" ಎಂದರು.

ಹೊನ್ನಾಳಿಯ ಸಬ್‌ಜೈಲಿನಲ್ಲಿ ನಮಗೆ ಸಿಕ್ಕವನು ಎತ್ತುಗಳಿಗೆ ಲಾಳ ಕಟ್ಟುವ ಈರಣ್ಣ. ಹೆಸರನ್ನು ಬದಲಿಸಿದ್ದೇನೆ, ಉಳಿದುದೆಲ್ಲ ನನಗೆ ನೆನಪಿರುವಂತೆಯೇ ಇದೆ. ಸಂತೆಯಿಂದ ಸಂತೆಗೆ ತಿರುಗುವ ಕಸುಬು. ಸ್ವಂತದ್ದೆಂದು ಒಂದು ಗೋಣಿಚೀಲ, ಅದರಲ್ಲಿ ಸುತ್ತಿಗೆ, ಮೊಳೆ, ಲಾಳ, ಎತ್ತನ್ನು ಕೆಡವಲು ಹಗ್ಗ. ಹಿಂದಿನ ವರ್ಷದ ಮಳೆಗಾಲದಲ್ಲಿ ನ್ಯಾಮತಿ ಸಂತೆಯಲ್ಲಿ ಅಪರಿಚಿತನೊಬ್ಬ ಒಂದು ಎತ್ತನ್ನು ತಂದು, ಲಾಳ ಕಟ್ಟಿಡು, ಚಹಾ ಕುಡಿದು ಬರುತ್ತೇನೆ ಎಂದು ಹೇಳಿ ಹೋದ. ಚಹಾ ಕುಡಿಯಲು ಹೋದವನು ಮರಳಿ ಬರಲಿಲ್ಲ. ಎತ್ತಿನ ನಿಜವಾದ ಒಡೆಯ ಪೊಲೀಸರೊಂದಿಗೆ ಬಂದ. ಹಗ್ಗ ಈರಣ್ಣನ ಕೈಯಲ್ಲಿತ್ತು.

ಜಾಮೀನಿನ ಆದೇಶ ಎಂದೋ ಆಗಿತ್ತು. ಪಹಣಿಯಲ್ಲಿ ಹೆಸರಿರುವ ಒಬ್ಬ ಜಮೀನುದಾರ ಬಂದು ಹೊಣೆ ಹೊರಬೇಕು, ಅಷ್ಟೇ. ಊರೂರು ತಿರುಗುವವನಿಗೆ ಅಂಥವರು ಎಲ್ಲಿಂದ ಬರಬೇಕು? ಹೀಗೆ ತಿಂಗಳುಗಳು ಕಳೆದು, ಒಳಗಿದ್ದ ಇತರರು ಅವನಿಗೊಂದು ದಾರಿ ಹೇಳಿಕೊಟ್ಟಿದ್ದರು: ಮುಂದಿನ ವಾಯಿದೆಯಲ್ಲಿ ಕಳವು ಮಾಡಿದೆನೆಂದು ಒಪ್ಪಿಕೊಂಡುಬಿಡು, ಒಳಗೆ ಕಳೆದ ದಿನಗಳನ್ನೇ ಶಿಕ್ಷೆಯಲ್ಲಿ ವಜಾ ಹಾಕಿಕೊಂಡು ಅಂದೇ ಬಿಡುತ್ತಾರೆ. ಲೆಕ್ಕ ಸುಳ್ಳಾಗಿರಲಿಲ್ಲ. ವಾಯಿದೆ ಮೇ ೧೦, ಗುರುವಾರ. ಅದಕ್ಕೆ ಒಂದು ವಾರ ಮುಂಚೆ ಅವನು ತನ್ನ ತೀರ್ಮಾನವನ್ನು ಅಕ್ಕಾರಿಗೆ ತಿಳಿಸಿದ.

"ಗುರುವಾರ ಒಪ್ಕೊಂಡುಬಿಡ್ತೀನಿ ಅಕ್ಕಾರೆ. ಕುಂತು ಕುಂತು ಕೈಗೆ ಕಸುಬು ಮರೀತಾ ಐತೆ."

"ಕಳ್ಳ ಅಂತ ಹೊರಗೆ ಬಂದ್ರೆ ನಿನ್ನ ಕೈಗೆ ಯಾರು ಎತ್ತು ಕೊಡ್ತಾರೆ?"

"ಒಳಗೇ ಇದ್ರೆ ಯಾರು ಇಲ್ಲಿಗೆ ತಂದು ಕೊಡ್ತಾರೆ?"

ಗುರುವಾರದ ತನಕ ತಡೆ, ನಾನು ಜಾಮೀನು ತರುತ್ತೇನೆ ಎಂದರು ಅಕ್ಕಾರು. ತರದಿದ್ದರೆ ಎಂದು ಅವನು ಕೇಳಿದ. "ತರದಿದ್ರೆ ನಿಂಗೆ ತಿಳಿದಂಗೆ ಮಾಡು. ನಾನು ಬೈಯಲ್ಲ" ಎಂದರು.

ಅವರ ಮನಸ್ಸಿನಲ್ಲಿದ್ದವರು ಸವಳಂಗದ ಒಬ್ಬ ಹಿರಿಯ ರೈತರು. ಅವರ ಕೊಟ್ಟಿಗೆಯ ಎತ್ತುಗಳಿಗೆ ವರ್ಷಗಳಿಂದ ಲಾಳ ಕಟ್ಟುತ್ತಿದ್ದವನು ಈರಣ್ಣನೇ. ನ್ಯಾಮತಿ ಸಂತೆಯಲ್ಲಿ ಒಮ್ಮೆ ಅಕ್ಕಾರು ಈ ವಿಷಯ ಎತ್ತಿದ್ದಾಗ ಯಜಮಾನರು ಸಂಕೋಚದಿಂದಲೇ ನಿರಾಕರಿಸಿದ್ದರು. ಈರಣ್ಣನ ಮೇಲೆ ನಂಬಿಕೆ ಇದೆ, ಕೋರ್ಟಿನ ಕಾಗದದ ಮೇಲೆ ಇಲ್ಲ ಎಂಬುದು ಅವರ ಮಾತು. ಅಲ್ಲಿಗೆ ಅದು ಮುಗಿಯಿತೆಂದು ಅವರು ತಿಳಿದಿದ್ದರು. ಅಕ್ಕಾರು ಹಾಗೆ ತಿಳಿದಿರಲಿಲ್ಲ.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿಯನ್ನು ಹೇಳಬೇಕು. ಹಿರಿಯರ ನಡುವೆ ಮಾತು ನಿಲ್ಲುವುದು ಎಲೆಅಡಿಕೆಯಿಂದ. ಕೊಟ್ಟ ಎಲೆಅಡಿಕೆಯನ್ನು ಇಸಿದುಕೊಂಡರೆ ಒಪ್ಪಿದಂತೆ. ಆಮೇಲೆ ಹಿಂದೆ ಸರಿಯುವಂತಿಲ್ಲ. ಕಾಗದಕ್ಕೆ ಹೆದರುವ ಜನ ಎಲೆಅಡಿಕೆಗೆ ತಪ್ಪುವುದಿಲ್ಲ ಎಂಬುದನ್ನು ಅಕ್ಕಾರು ನೌಕರಿಯ ದಿನಗಳಲ್ಲೇ ಕಂಡುಕೊಂಡಿದ್ದರು. ಜಾಮೀನು ಕೇಳಲು ಹೋಗುವಾಗ ತಟ್ಟೆಯಲ್ಲಿ ಎಲೆ, ಅಡಿಕೆ, ಒಂದು ತೆಂಗಿನಕಾಯಿ ಇಟ್ಟುಕೊಂಡೇ ಹೋಗುತ್ತಿದ್ದರು. ನಲ್ಲೂರಿನ ಅಡಿಕೆ ಬೆಳೆಗಾರರೊಬ್ಬರು ಹೀಗೆ ಹೊಣೆ ಹೊತ್ತು, ವಾಯಿದೆಗೆ ತಪ್ಪಿಸಿಕೊಂಡ ಆರೋಪಿಯನ್ನು ಅವನ ಅತ್ತೆಮನೆಯಿಂದ ತಾವೇ ಎಬ್ಬಿಸಿಕೊಂಡು ಬಂದು ಕೋರ್ಟಿನಲ್ಲಿ ನಿಲ್ಲಿಸಿದ್ದರಂತೆ. ಕಾಗದದ ಭಯಕ್ಕಲ್ಲ, ಎಲೆಅಡಿಕೆ ಇಸಿದುಕೊಂಡಿದ್ದೇನಲ್ಲ ಎಂಬ ಕಾರಣಕ್ಕೆ.

ಭಾನುವಾರ ಸವಳಂಗದ ಬಸ್ಸಿನ ಕಂಡಕ್ಟರನ ಕೈಲಿ ಹೇಳಿ ಕಳಿಸಿದರು: ಮಂಗಳವಾರ ಅಕ್ಕಾರು ಎಲೆಅಡಿಕೆ ತೆಗೆದುಕೊಂಡು ಬರುತ್ತಾರೆ, ಮನೆಯಲ್ಲಿರಬೇಕು. ಕಂಡಕ್ಟರ್ ಒಂದಕ್ಷರ ಬಿಡದೆ ತಲುಪಿಸಿದ. ಜೊತೆಗೆ, ಅವರು ಈಚೆಗೆ ಎಲ್ಲಿಗೆ ಹೋದರೂ ಕಾಲೇಜು ಓದುವ ಒಬ್ಬ ಹುಡುಗನನ್ನು ಕರೆದುಕೊಂಡು ಹೋಗುತ್ತಾರೆ ಎಂಬ ಸತ್ಯವನ್ನೂ ತನ್ನ ಕಡೆಯಿಂದ ಸೇರಿಸಿದ. ತಿಂಗಳು ವೈಶಾಖ. ಯಜಮಾನರ ಮನೆಯಲ್ಲಿ ಮದುವೆಗೆ ಬಂದ ಮಗಳಿದ್ದಳು. ಇದು ನಮಗೆ ಗೊತ್ತಿರಲಿಲ್ಲ.

ಮೇ ೮ರ ಬೆಳಿಗ್ಗೆ ನಾವು ಮೂವರು ಸವಳಂಗದಲ್ಲಿ ಇಳಿದೆವು. ಕೋರ್ಟಿಗೂ ಹೋಗಬೇಕಾದೀತೆಂದು ಅಕ್ಕಾರು ಅಚ್ಚುಕಟ್ಟಾಗಿ ಬರಹೇಳಿದ್ದರು. ಶಿವಮೂರ್ತಿ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದ, ತಟ್ಟೆ ಅವನ ಕೈಯಲ್ಲಿತ್ತು. ಅಂಗಳಕ್ಕೆ ನೀರು ಹಾಕಿ ರಂಗೋಲಿ ಬಿಟ್ಟಿದ್ದರು. ಯಜಮಾನಿ ನಗುನಗುತ್ತ ಎದುರು ಬಂದು, ತಟ್ಟೆಯನ್ನು ಎರಡೂ ಕೈಯಿಂದ ಇಸಿದುಕೊಂಡು ನೇರವಾಗಿ ದೇವರ ಮನೆಗೆ ಒಯ್ದರು. ಇಷ್ಟು ಸುಲಭವಾಗಿ ಆಯಿತಲ್ಲ ಎಂದು ನಮಗೆ ಆಶ್ಚರ್ಯ. ಅಕ್ಕಾರ ಹುಬ್ಬು ಮಾತ್ರ ಸ್ವಲ್ಪ ಮೇಲೇರಿತು. ಚಾಪೆಯ ಮೇಲೆ ಕೂರಿಸಿ ತಿಂಡಿ ತಂದರು. ಬಂದವರಿಗೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕೊಡುವುದು ನಮ್ಮ ಕಡೆಯ ರೂಢಿ. ಅಂದು ಬಂದದ್ದು ಉಪ್ಪಿಟ್ಟು, ತುಪ್ಪ ತೊಟ್ಟಿಕ್ಕುವ ಕೇಸರಿಬಾತು. ಹುಡುಗಿಯ ಸೋದರಮಾವ ಶಿವಮೂರ್ತಿಯ ಪಕ್ಕಕ್ಕೆ ಬಂದು ಕುಳಿತ.

"ಈಗ ರಜಾ ಅಲ್ವಾ? ಏನ್ ಮಾಡ್ತೀರಿ?"

"ಜೈಲಿಂದೇ ಕೆಲಸ. ಜಗಳೂರು ಮುಗಿಸಿದ್ವಿ, ಈಗ ಹೊನ್ನಾಳಿ" ಎಂದ ಶಿವಮೂರ್ತಿ.

"ಸರ್ಕಾರದ್ದಾ?"

"ಅಲ್ರಿ. ಸಂಬಳ ಇಲ್ಲ. ಊಟ, ಬಸ್‌ಚಾರ್ಜು ಅಕ್ಕಾರು ಕೊಡ್ತಾರೆ."

ಒಳಗಿನ ಬಾಗಿಲ ಮರೆಯಿಂದ ಅಜ್ಜಿಯೊಬ್ಬರು ಯಾರಿಗೋ ಹೇಳುತ್ತಿದ್ದುದು ಕೇಳಿಸಿತು: "ಜೈಲಲ್ಲಿ ಸಂಬಳ ಎಲ್ಲಿಂದ ಕೊಡ್ತಾರೆ, ಊಟ ಹಾಕ್ತಾರಲ್ಲ." ಇನ್ನೊಂದು ದನಿ, ಹುಡುಗನ ಅಕ್ಕ ಲಕ್ಷಣವಾಗಿದ್ದಾಳೆ ಎಂದಿತು. ಅಕ್ಕ ಎಂದರೆ ನಾನು. ಅಷ್ಟರಲ್ಲಿ ರೇಷ್ಮೆ ಸೀರೆಯುಟ್ಟ ಹುಡುಗಿ, ಪರೀಕ್ಷೆಗೆ ಕುಳಿತವರ ಮುಖ ಮಾಡಿಕೊಂಡು, ಕಾಫಿಯ ಲೋಟಗಳನ್ನು ತಂದು ಶಿವಮೂರ್ತಿಯ ಮುಂದೆ ನಿಂತಳು. ಅಕ್ಕಾರು ಕಾಫಿಯನ್ನು ನೋಡಿದರು, ಸೀರೆಯನ್ನು ನೋಡಿದರು, ತಮ್ಮ ತಟ್ಟೆಯ ಕೇಸರಿಬಾತನ್ನು ನೋಡಿದರು. ತಟ್ಟೆಯನ್ನು ಕೆಳಗಿಟ್ಟರು.

"ಯಜಮಾನ್ರೆ, ತಪ್ಪು ನಂದು. ನಾನು ಹುಡುಗಿ ಕೇಳಾಕೆ ಬಂದಿಲ್ಲ. ಈರಣ್ಣಂಗೆ ಜಾಮೀನು ಕೇಳಾಕೆ ಬಂದೀನಿ."

ಬಾಗಿಲ ಮರೆಯಿಂದ ಅಜ್ಜಿ, ಹಾಗಾದರೆ ಈ ಹುಡುಗ ಯಾರು ಎಂದು ಕೇಳಿದರು. "ನಾನು ಬರಿಯಾಕೆ ಬಂದೀನಿ ಅಜ್ಜಿ" ಎಂದ ಶಿವಮೂರ್ತಿ. ಸೋದರಮಾವ ಉಪ್ಪಿಟ್ಟು ನೆತ್ತಿಗೇರಿ ಕೆಮ್ಮತೊಡಗಿದ.

ಯಜಮಾನರು ಬಲೆಗೆ ಸಿಕ್ಕವರ ದನಿಯಲ್ಲಿ ನಿಧಾನವಾಗಿ ಹೇಳಿದರು: "ಎಲೆಅಡಿಕೆ ಒಳಗೆ ಹೋಗೈತೆ ಅಕ್ಕಾರೆ. ದೇವರ ಮುಂದೆ ಇಟ್ಟಾಳೆ. ಇನ್ನು ಒಲ್ಲೆ ಅನ್ನಾಕೆ ಬರಂಗಿಲ್ಲ. ಎಲ್ಲಿ ರುಜು ಹಾಕ್ಬೇಕು ಹೇಳ್ರಿ."

ನನಗೂ ಶಿವಮೂರ್ತಿಗೂ ಎದೆಯ ಭಾರ ಇಳಿದಂತಾಯಿತು. ಗುರುವಾರಕ್ಕೆ ಇನ್ನು ಎರಡೇ ದಿನ. ಬಂದ ಕೆಲಸ, ಹೇಗೋ ಏನೋ, ಆಗಿಹೋಗಿತ್ತು. ಆಗ ಅಕ್ಕಾರು ಆಡಿದ ಮಾತು ನಮ್ಮಿಬ್ಬರನ್ನೂ ದಂಗುಬಡಿಸಿತು.

"ಹಂಗೆ ಬ್ಯಾಡ. ಆ ತಟ್ಟೆ ನಂಗೆ ವಾಪಸ್ ಕೊಡ್ರಿ."

ಕೊಟ್ಟ ಎಲೆಅಡಿಕೆಯನ್ನು ಯಾರಾದರೂ ಹಿಂದಕ್ಕೆ ಕೇಳುವುದುಂಟೇ ಎಂದು ಯಜಮಾನಿ ಗಾಬರಿಯಾದರು. ಅಕ್ಕಾರು ಪಟ್ಟು ಬಿಡಲಿಲ್ಲ. "ನೀವು ಒಂದು ತಿಳ್ಕೊಂಡು ಇಸ್ಕೊಂಡ್ರಿ, ನಾನು ಇನ್ನೊಂದು ತಿಳ್ಕೊಂಡು ಕೊಟ್ಟೆ. ಅದು ಒಪ್ಪಿದಂಗಲ್ಲ. ಅಲ್ಲಿ ಹೊನ್ನಾಳ್ಯಾಗೆ ಒಬ್ಬ ಬೇರೆ ದಾರಿ ಇಲ್ಲ ಅಂತ ಮಾಡದ್ದನ್ನ ಒಪ್ಕೊಳ್ಳಾಕೆ ಕುಂತಾನೆ. ಅದನ್ನ ತಪ್ಪಿಸ್ತೀನಿ ಅಂತ ಬಂದು, ನಿಮ್ಮನ್ನೂ ಹಂಗೇ ಒಪ್ಪಿಸಿದ್ರೆ ನಾನೇನು ಮಾಡಿದಂಗಾತು?"

ಶಿವಮೂರ್ತಿ ಮೆಲ್ಲಗೆ, ಅಕ್ಕಾರೆ ಗುರುವಾರ, ಎಂದ. ಅವರು ಅವನತ್ತ ತಿರುಗಿಯೂ ನೋಡಲಿಲ್ಲ. ತಟ್ಟೆ ಹೊರಗೆ ಬಂತು. ಅದನ್ನು ಮಡಿಲಲ್ಲಿಟ್ಟುಕೊಂಡು, ಜಾಮೀನೆಂದರೆ ಏನೆಂಬುದನ್ನು ಅವರು ಮೊದಲಿನಿಂದ ಹೇಳಿದರು. ಕೆಟ್ಟದ್ದನ್ನು ಮೊದಲು ಹೇಳಿದರು: ಈರಣ್ಣ ತಲೆ ತಪ್ಪಿಸಿಕೊಂಡರೆ ಕೋರ್ಟು ಕೇಳುವ ಹಣ ನೀವು ಕಟ್ಟಬೇಕಾಗುತ್ತದೆ, ಕೇಸು ವರ್ಷ ಹಿಡಿಯಬಹುದು, ಉಳುಮೆಯ ದಿನವೇ ಸಮನ್ಸು ಬರಬಹುದು. ಸೋದರಮಾವನಿಗೆ ತಡೆಯಲಾಗಲಿಲ್ಲ.

"ಹಿಂಗೆ ಹೇಳಿದ್ರೆ ಯಾರು ಒಪ್ತಾರ್ರಿ?"

"ಒಪ್ಪದಿದ್ರೆ ಬ್ಯಾಡ. ಉಪ್ಪಿಟ್ಟು ಚೆನ್ನಾಗಿತ್ತು ಅಂತ ಹೇಳಿ ಬಸ್ ಹತ್ತೀವಿ."

ಅಷ್ಟು ಹೊತ್ತು ಕಾಫಿಯ ತಟ್ಟೆ ಹಿಡಿದು ನಿಂತೇ ಇದ್ದ ಹುಡುಗಿ ಆಗ ಬಾಯಿ ಬಿಟ್ಟಳು. "ಅಪ್ಪಾ, ಕೆಂದ ಎತ್ತಿನ ಗೊರಸು ಸೀಳಿದಾಗ ಕೊಟ್ಟಿಗ್ಯಾಗೆ ಕುಂತು ವಾಸಿ ಮಾಡ್ದೋನು ಈರಣ್ಣ ಅಲ್ವಾ. ಹೋಗಿ ರುಜು ಹಾಕಿ ಬಾ. ನನ್ನ ಕೊಡೋದಕ್ಕಿಂತ ಅದು ಸುಲಭ ಐತಲ್ಲ."

ಮೊದಲು ನಕ್ಕವರು ಅಜ್ಜಿ. ಆಮೇಲೆ ಮನೆಯೇ ನಕ್ಕಿತು, ಕೊನೆಗೆ ಯಜಮಾನರೂ. ಅವರು ಎದ್ದು ಹೋಗಿ ಕೈಕಾಲು ತೊಳೆದು, ಹೆಗಲಿಗೆ ವಲ್ಲಿ ಹಾಕಿಕೊಂಡು ಬಂದು ಅಕ್ಕಾರ ಎದುರು ನಿಂತು ಎರಡೂ ಕೈ ಚಾಚಿದರು. "ಈಗ ಕೊಡ್ರಿ" ಎಂದರು. ಅಕ್ಕಾರು ಎದ್ದು ನಿಂತು ಕೊಟ್ಟರು.

ಗುರುವಾರ ಹೊನ್ನಾಳಿಯ ಕೋರ್ಟಿನಲ್ಲಿ ನಡೆದದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಮ್ಯಾಜಿಸ್ಟ್ರೇಟರು ಆರೋಪವನ್ನು ಓದಿ ಹೇಳಿ, ಒಪ್ಪುತ್ತೀಯಾ ಎಂದು ಕೇಳಿದರು. ಈರಣ್ಣ ತಿರುಗಿ ನೋಡಿದ. ಹಿಂದಿನ ಬೆಂಚಿನಲ್ಲಿ ಅಕ್ಕಾರ ಪಕ್ಕದಲ್ಲಿ ಸವಳಂಗದ ಯಜಮಾನರ ಬಿಳಿ ರುಮಾಲು ಕಾಣುತ್ತಿತ್ತು. "ಇಲ್ಲ ಸ್ವಾಮಿ. ಎತ್ತೂ ನಂದಲ್ಲ, ಕಳ್ಳತನಾನೂ ನಂದಲ್ಲ" ಎಂದ. ಬಿಡುಗಡೆಯಾಗಿ ಹೊರಗೆ ಬಂದವನು ಅಕ್ಕಾರಿಗೆ ಕೈ ಮುಗಿಯುವುದಕ್ಕೂ ಮೊದಲು, ಯಜಮಾನರ ಗಾಡಿಗೆ ಕಟ್ಟಿದ್ದ ಎತ್ತಿನ ಮುಂಗಾಲನ್ನು ಎತ್ತಿ ಹಿಡಿದು ನೋಡಿ, ಇದನ್ನು ಯಾವ ಪುಣ್ಯಾತ್ಮ ಕಟ್ಟಿದ್ದು ಎಂದು ಗದರಿದ. ಅಕ್ಕಾರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು.

ಮರುವರ್ಷ ಅವನ ಕೇಸು ಖುಲಾಸೆಯಾಯಿತು. ಅದಾದ ಮೇಲೂ ಸಂತೆಗಳಲ್ಲಿ ಅವನ ಮುಂದೆ ಎತ್ತುಗಳು ಸಾಲಾಗಿ ನಿಲ್ಲುತ್ತಿದ್ದುದನ್ನು ನಾನೇ ನೋಡಿದ್ದೇನೆ. ನಮ್ಮ ವರದಿ ಬೆಂಗಳೂರಿಗೆ ಹೋಯಿತು. ತಲುಪಿತೆಂದು ಉತ್ತರ ಬಂತು, ಅದರಾಚೆಗೆ ಏನೂ ಬರಲಿಲ್ಲ. ಅಕ್ಕಾರು ಬೇಸರಿಸಲಿಲ್ಲ. ಮುಂದಿನ ಬೇಸಿಗೆಗೆ ಕಾಲೇಜಿನಿಂದ ಮತ್ತಿಬ್ಬರನ್ನು ಕೇಳಿದರು, ಅದರ ಮುಂದಿನ ಬೇಸಿಗೆಗೂ ಕೇಳಿದರು. ಹಾಗೆ ಬಂದವರಲ್ಲಿ ಸವಳಂಗದ ಆ ಹುಡುಗಿಯೂ ಒಬ್ಬಳು. ಅಷ್ಟು ಮಾತು ಬಲ್ಲವಳು ಕಾಲೇಜಿನಲ್ಲೇ ಮಾತಾಡಲಿ ಎಂದು ಯಜಮಾನರು ಮದುವೆಯನ್ನು ಮುಂದೂಡಿ ಓದಲು ಕಳಿಸಿದ್ದರು. ಶಿವಮೂರ್ತಿ ವಕೀಲನಾದ. ಹೆಣ್ಣು ನೋಡಿ ಬಿಟ್ಟುಬಂದ ಮನೆಯವರ ಕೇಸನ್ನು ಪುಕ್ಕಟೆ ನಡೆಸಬೇಕಾಗುತ್ತದೆ ಎಂದು ಈಗಲೂ ಗೊಣಗುತ್ತಾನೆ.

ಅಕ್ಕಾರು ತೀರಿಕೊಂಡದ್ದು ಎಂಬತ್ತರ ದಶಕದ ಕೊನೆಯಲ್ಲಿ, ಒಂದು ಚಳಿಗಾಲದ ಬೆಳಿಗ್ಗೆ, ಬಸವಾಪಟ್ಟಣಕ್ಕೆ ಹೋಗುವ ಬಸ್ಸಿಗೆಂದು ಸಿದ್ಧವಾಗಿ ಜಗುಲಿಯ ಮೇಲೆ ಕುಳಿತಿದ್ದಾಗ. ನಾನು ಆಗ ದೂರದ ಊರಿನಲ್ಲಿದ್ದೆ. ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಓಣಿಯ ತುಂಬ ಜನ. ಯಾರು ಜೈಲಿನಿಂದ ಬಿಡುಗಡೆಯಾದವರು, ಯಾರು ಜೈಲು ಕಾಯ್ದವರು, ಯಾರು ಜಾಮೀನು ನಿಂತವರು ಎಂದು ಹೇಳುವುದು ಕಷ್ಟವಾಗಿತ್ತು. ಎಲ್ಲರೂ ಒಂದೇ ಕೊಳಗದಿಂದ ಚಹಾ ಕುಡಿಯುತ್ತ ಅವರ ಮಾತುಗಳನ್ನು ಹೇಳಿಕೊಂಡು ನಗುತ್ತಿದ್ದರು.

ನಿವೃತ್ತಿಯ ನಂತರ ಈ ಲೇಖನಕ್ಕೆಂದು ಈರಣ್ಣನ ಕೇಸಿನ ಆರ್ಡರ್ ಶೀಟಿನ ನಕಲನ್ನು ಅರ್ಜಿ ಹಾಕಿ ಪಡೆದೆ. ಪ್ರತಿ ವಾಯಿದೆಯ ದಿನ ಕೋರ್ಟಿನಲ್ಲಿ ಏನಾಯಿತೆಂದು ಅಂದಂದೇ ಬರೆದಿಡುವ ಹಾಳೆ ಅದು. ೧೦-೫-೧೯೭೯ರ ಕೆಳಗೆ ಹೀಗಿದೆ: ಆರೋಪಿಯನ್ನು ಹಾಜರುಪಡಿಸಲಾಗಿದೆ; ಜಾಮೀನುದಾರರು ಹಾಜರಿಲ್ಲ; ಆರೋಪಿಯು ಆರೋಪವನ್ನು ನಿರಾಕರಿಸಿದ್ದಾನೆ; ಬಂಧನ ಮುಂದುವರಿಸಿದೆ. ಯಜಮಾನರ ಜಾಮೀನು ಅಂಗೀಕಾರವಾಗಿ ಬಿಡುಗಡೆಯ ಆದೇಶ ಆಗಿರುವುದು ೧೪ರ ಸೋಮವಾರ. ಪಹಣಿ ಸಿಗುವುದು ತಡವಾಗಿರಬಹುದು. ಅದು ನನ್ನ ಊಹೆ. ಶಿವಮೂರ್ತಿಯನ್ನು ಕೇಳಿದೆ. ಗುರುವಾರ ಹಿಂದಿನ ಬೆಂಚಿನಲ್ಲಿ ಆ ಬಿಳಿ ರುಮಾಲನ್ನು ತಾನೂ ಕಂಡದ್ದು ನಿಜವೆಂದು ಅವನು ಪ್ರಮಾಣ ಮಾಡುತ್ತಾನೆ. ಹಾಳೆ ಅದನ್ನು ಕಂಡಿಲ್ಲ. ಹಾಳೆಯನ್ನೇ ನಂಬುವುದಾದರೆ, ಈರಣ್ಣ ತಿರುಗಿ ನೋಡಿದಾಗ ಬೆಂಚಿನಲ್ಲಿ ಅವನಿಗಾಗಿ ಬಂದು ಕುಳಿತಿದ್ದ ಹಿರಿಯರೆಂದರೆ ಅಕ್ಕಾರು ಒಬ್ಬರೇ, ಅದೂ ಬರಿಗೈಯಲ್ಲಿ. ಮತ್ತು ಅವನು ಇಲ್ಲ ಎಂದದ್ದು ಅವರನ್ನು ನೋಡಿ.